ಹತ್ತಿಗೆ ಎಣ್ಣಿ ಹೊಡೆದು ಮಲಗಿದ್ದ ಅಪ್ಪಾಜಿ ಎದ್ದು ಓಡಾಡ್ತಾರ, ರಿಪೋರ್ಟ್ ಮಾತ್ರ ಯಾಕ ಏಳವಲ್ದು?

ಸಿಂಧನೂರು ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ಕಡಿ ಹಳ್ಳಿ. ನಾಕು ಎಕರೆ ಹತ್ತಿ, ಉಳಿದದ್ದು ಭತ್ತ. ಹೋದ ತಿಂಗಳು ಅಪ್ಪಾಜಿ ಹತ್ತಿಗೆ ಎಣ್ಣಿ (ಕೀಟನಾಶಕ) ಹೊಡ್ಯಾಕ ಹೋಗಿದ್ರು. ಮಧ್ಯಾಹ್ನ ಗಾಳಿ ತಿರುಗಿತು. ಮುಖಕ್ಕ ಒಂದು ಟವೆಲ್ ಬಿಟ್ರ ಮೈಮ್ಯಾಲೆ ಬ್ಯಾರೆ ಏನೂ ಇರಲಿಲ್ಲ. ಮೂರನೇ ಪಂಪು ಮುಗಿಯೋದ್ರೊಳಗ ಬಾಯಾಗ ಜೊಲ್ಲು, ಕಣ್ಣಾಗ ನೀರು, ವಾಂತಿ. ಬದುವಿನ ಮ್ಯಾಲೆ ಕುಂತವರು ಏಳಲಿಲ್ಲ. ರಾಯಚೂರಿಗೆ ಒಯ್ದ್ವಿ, ಆರು ದಿನ ದವಾಖಾನ್ಯಾಗ ಇದ್ರು. ಈಗ ಆರಾಮ ಅದಾರ, ಎರಡು ರೊಟ್ಟಿ ಹೆಚ್ಚಿಗೀನ ತಿಂತಾರ.

ರಿಪೋರ್ಟ್‌ನಾಗ ಕೋಲಿನೆಸ್ಟರೇಸ್ ಅಂತ ಎರಡು ಸಾಲು ಅದಾವು. ಒಂದು ‘ಸೀರಂ’ (ರಕ್ತದ ತಿಳಿನೀರು), ಇನ್ನೊಂದು ‘ಆರ್‌ಬಿಸಿ’ (ಕೆಂಪು ರಕ್ತಕಣ). ಹೋದ ವಾರದ ರಿಪೋರ್ಟ್‌ನಾಗ ಮೊದಲನೇದು ಒಂದೀಟು ಏರೈತಿ, ಎರಡನೇದು ಬಿದ್ದಲ್ಲೇ ಬಿದ್ದೈತಿ. ಡಾಕ್ಟ್ರು ‘ಮೂರು ತಿಂಗಳು ಪಂಪು ಮುಟ್ಟಬ್ಯಾಡ್ರಿ’ ಅಂದಾರ. ಅಪ್ಪಾಜಿ ‘ನಾ ಗಟ್ಟಿ ಅದೀನಿ, ಕಾಗದಕ್ಕ ಏನು ಗೊತ್ತು’ ಅಂತಾರ.

ನಾನು ಸೆಕೆಂಡ್ ಪಿಯು ಸೈನ್ಸ್. ಕಿಣ್ವದ (ಎಂಜೈಮ್) ಪಾಠ ಓದೀನಿ. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಅಂತ ಬಾಣ ಹಾಕಿ ಚಿತ್ರ ಬರದು ಐದಕ್ಕ ಐದು ಅಂಕ ತಗೊಂಡೀನಿ. ಮನ್ಯಾಗ ಹೇಳಾಕ ಹೋದ್ರ ಒಂದು ಮಾತು ಹೊಂಡವಲ್ದು. ಯಾರರ ತಿಳಿಸಿ ಹೇಳ್ರಿ.

ಮಾನ್ವಿ ಹತ್ತಿ:
ತಮ್ಮಾ, ಅಪ್ಪಾಜಿ ಉಳಿದ್ರಲ್ಲ, ಅದು ದೊಡ್ಡದು. ತೊಯ್ದ ಅಂಗಿ ಮೊದಲು ಕಳಚಬೇಕು, ಸಬಕಾರ ಹಚ್ಚಿ ಮೈ ತೊಳಿಬೇಕು. ನಾವು ಅದನ್ನ ಬಿಟ್ಟು ಗಾಡಿ ಹುಡುಕ್ತೀವಿ. ಎಣ್ಣಿ ಯಾವುದು?

ಸಿಂಧನೂರು ಹುಡುಗ:
ಮೋನೋಕ್ರೋಟೋಫಾಸ್. ಕಾಕಾ ಡಬ್ಬಿನೂ ದವಾಖಾನಿಗೆ ಹಿಡ್ಕೊಂಡು ಬಂದಿದ್ದ, ಅದು ಭಾಳ ಉಪಯೋಗ ಆತು ಅಂದ್ರು ಡಾಕ್ಟ್ರು.

ಕುಷ್ಟಗಿ ಹಿರಿಯ:
ಮಜ್ಜಿಗಿ, ಬೆಲ್ಲ, ಹುಣಸಿಹಣ್ಣಿನ ನೀರು. ರಕ್ತ ಶುದ್ಧ ಆಗೋತನ ಕುಡಿಸ್ರಿ. ನಮ್ಮ ಕಾಲದಾಗ ರಿಪೋರ್ಟ್ ಎಲ್ಲಿತ್ತು? ಎದ್ದು ಓಡಾಡಿದ್ರ ಆರಾಮ ಅಂತನ ಅರ್ಥ.

ಬಳ್ಳಾರಿ ಲ್ಯಾಬ್:
ಹಿರಿಯರೇ, ಮಜ್ಜಿಗೆ ಕುಡೀಲಿ, ಈ ಬಿಸಿಲಿಗೆ ಒಳ್ಳೇದೇ. ಆದ್ರೆ ಆ ರಿಪೋರ್ಟಿಗೂ ಮಜ್ಜಿಗೆಗೂ ಸಂಬಂಧ ಇಲ್ಲ. ರಕ್ತ ಹೊಲಸಾಗಿಲ್ಲ. ರಕ್ತದಾಗ ಇರೋ ಒಂದು ಕಿಣ್ವ ಕೆಲಸ ನಿಲ್ಲಿಸೈತೆ, ಅಷ್ಟೇ.

ನಾನು ಲ್ಯಾಬ್ ಟೆಕ್ನಿಷಿಯನ್, ಹದಿನಾಲ್ಕು ವರ್ಷ ಆಯ್ತು. ಹತ್ತಿ, ಮೆಣಸಿನಕಾಯಿ ಸೀಸನ್ ಬಂದ್ರೆ ಸಿರುಗುಪ್ಪ, ಕುರುಗೋಡು ಕಡೆಯಿಂದ ಈ ಟೆಸ್ಟಿಗೆ ರಕ್ತ ಬರ್ತಾನೇ ಇರುತ್ತೆ.

ನರ ಸ್ನಾಯುವಿಗೆ ‘ಎಳಿ’ ಅಂತ ಹೇಳಬೇಕು ಅನ್ನಿ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹನಿಯಷ್ಟು ಹೊರಗೆ ಬೀಳುತ್ತೆ. ಸ್ನಾಯು ಎಳೀತು. ಹೇಳಿದ ಮಾತು ಮುಗೀತಲ್ಲ, ಆ ಹನಿ ಅಲ್ಲೇ ಉಳಿದ್ರೆ ಸ್ನಾಯು ಎಳೀತಾನೇ ಇರುತ್ತೆ. ಅದನ್ನ ಕತ್ತರಿಸಿ ಒರೆಸೋ ಕಿಣ್ವದ ಹೆಸರು ಅಸಿಟೈಲ್‌ಕೋಲಿನೆಸ್ಟರೇಸ್. ಒಂದೊಂದು ಕಿಣ್ವದ ಅಣು ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನ ಕತ್ತರಿಸುತ್ತೆ. ದೇಹದ ಅತಿ ವೇಗದ ಕಿಣ್ವಗಳಲ್ಲಿ ಇದೂ ಒಂದು.

ಮೋನೋಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್‌ನಂಥ ರಂಜಕದ (ಫಾಸ್ಫರಸ್) ಎಣ್ಣೆಗಳು ಹಿಡಿಯೋದು ಇದನ್ನೇ. ಹುಳದಲ್ಲೂ ಇದೇ ಕಿಣ್ವ, ನಮ್ಮಲ್ಲೂ ಇದೇ ಕಿಣ್ವ. ಹುಳಕ್ಕೆ ಹೊಡೆದದ್ದು ನಮಗೂ ತಾಗೋದು ಅದಕ್ಕೇ. ಒರೆಸೋರು ಇಲ್ಲದೆ ಅಸಿಟೈಲ್‌ಕೋಲಿನ್ ತುಂಬಿಕೊಂತು: ಜೊಲ್ಲು, ಕಣ್ಣೀರು, ಬೆವರು, ಬೇದಿ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು. ಸ್ನಾಯು ಮೊದಲು ಪಟಪಟ ಅದುರಿ ಆಮೇಲೆ ಸೋತು ಬೀಳುತ್ತೆ. ಉಸಿರಾಟದ ಸ್ನಾಯು ಸೋತ್ರೆ ಜೀವಕ್ಕೇ ಬರುತ್ತೆ.

ಜೀನ್ಸ್ ಮಾಸ್ತರ:
ಅಕ್ಕಾ, ನಮ್ದೂ ಬಳ್ಳಾರಿನೇ, ಜೀನ್ಸ್ ಕಟಿಂಗ್ ಕೆಲಸ. ಓದಿದ್ದು ಎಸೆಸೆಲ್ಸಿ. ನೀವು ಹೇಳಿದ್ದು ಕೇಳಿದ್ರೆ ಗುಂಡಿಯ ತೂತು ಹೊಲಿಯೋ ನಮ್ಮ ಕಾಜಾ ಮಷೀನು ಕಣ್ಣ ಮುಂದೆ ಬಂತು. ದಿನಕ್ಕೆ ನೂರಾರು ಪ್ಯಾಂಟು ಅದರ ಕೆಳಗೆ ಹೋಗ್ತವೆ, ಪ್ರತಿಯೊಂದಕ್ಕೂ ಕಾಜಾ ಆಗುತ್ತೆ, ಮಷೀನು ಮಾತ್ರ ಅಲ್ಲೇ ಇರುತ್ತೆ. ಕಾಜಾ ಮಷೀನಿಗೆ ಜಿಪ್ ಕೊಟ್ರೆ ಕೂರಿಸಲ್ಲ, ಅದಕ್ಕೆ ಬೇರೆ ಮಷೀನು. ಕಿಣ್ವನೂ ಹಂಗೇನಾ?

ಬಳ್ಳಾರಿ ಲ್ಯಾಬ್:
ಹಂಗೇ ತಮ್ಮಾ. ಕೆಲಸ ಮಾಡಿಸುತ್ತೆ, ತಾನು ಖರ್ಚಾಗಲ್ಲ. ಒಂದಕ್ಕೆ ಒಂದೇ ಕೆಲಸ. ಇನ್ನು ಸೂಜಿ ಕೆಳಗೆ ಗೋಂದು ಹಚ್ಚಿದ ಬಟ್ಟೆ ಸಿಕ್ಕಿಹಾಕಿಕೊಂಡ್ರೆ ಏನಾಗುತ್ತೆ ಹೇಳು.

ಜೀನ್ಸ್ ಮಾಸ್ತರ:
ಸೂಜಿ ಮ್ಯಾಲೆ ಏಳಲ್ಲ. ಆಗಿಂದಾಗ್ಗೆ ಎಳೆದ್ರೆ ಬರುತ್ತೆ. ಊಟಕ್ಕೆ ಹೋಗಿ ಬಂದು ನೋಡಿದ್ರೆ ಗೋಂದು ಒಣಗಿರುತ್ತೆ, ಆಮೇಲೆ ಆ ಸೂಜಿ ಆಸೆ ಬಿಡಬೇಕು.

ಕೊಪ್ಪಳ ಉಪನ್ಯಾಸಕ:
ಈ ಮಾತನ್ನು ನಾನು ನಾಳೆ ತರಗತಿಯಲ್ಲಿ ಬಳಸುತ್ತೇನೆ, ಮಾಸ್ತರರೇ. ಸಂಭಾವನೆ ಕೇಳಬೇಡಿ.

ಒಳಗೆ ನಡೆಯುವುದೂ ಬಹುತೇಕ ಅದೇ. ಈ ಕಿಣ್ವ ಒಂದು ಪ್ರೋಟೀನು: ಅಮೈನೋ ಆಮ್ಲ ಎಂಬ ಸುಮಾರು 580 ಮಣಿಗಳ ಸರಪಳಿ, ತನ್ನಷ್ಟಕ್ಕೆ ತಾನು ಮಡಚಿಕೊಂಡು ಉಂಡೆಯಾಗಿದೆ. ಉಂಡೆಯ ಮಧ್ಯೆ ಬಾವಿಯಂತೆ ಆಳವಾದ ಒಂದು ಸಂದಿ. ಬಾವಿಯ ತಳದಲ್ಲಿ 203ನೇ ಸ್ಥಾನದ ಸೆರೀನ್ ಎಂಬ ಅಮೈನೋ ಆಮ್ಲ ಕಾಯುತ್ತಿರುತ್ತದೆ. ಅದೇ ಸೂಜಿ. ಅಸಿಟೈಲ್‌ಕೋಲಿನ್ ಒಳಗಿಳಿದಾಗ ಅದರ ಅಸಿಟೈಲ್ ಚೂರು ಕ್ಷಣಮಾತ್ರ ಸೆರೀನಿಗೆ ಅಂಟುತ್ತದೆ, ನೀರಿನ ಒಂದು ಅಣು ಬಂದು ಅದನ್ನು ಬಿಡಿಸುತ್ತದೆ, ಸೂಜಿ ಮತ್ತೆ ಖಾಲಿ. ರಂಜಕದ ಕೀಟನಾಶಕವೂ ಅದೇ ದಾರಿಯಲ್ಲಿ ಇಳಿದು ಅದೇ ಸೆರೀನಿಗೆ ಅಂಟುತ್ತದೆ. ನೀರಿಗೆ ಅದನ್ನು ಬಿಡಿಸಲು ಬಲ ಸಾಲದು.

ಬಿಡಿಸಲೆಂದೇ ಆಸ್ಪತ್ರೆಯಲ್ಲಿ ಪ್ರಾಲಿಡಾಕ್ಸಿಮ್ ಕೊಡುತ್ತಾರೆ, ದವಾಖಾನೆಯ ಮಾತಿನಲ್ಲಿ ‘ಪ್ಯಾಮ್’. ಗೋಂದು ಹಸಿ ಇರುವಾಗ ಅದು ಎಳೆದು ತೆಗೆಯಬಲ್ಲದು. ಹೊತ್ತಾದರೆ ಅಂಟಿದ ಚೂರು ತನ್ನದೇ ಒಂದು ತುಂಡನ್ನು ಕಳೆದುಕೊಂಡು ಗಟ್ಟಿಯಾಗುತ್ತದೆ. ಕೆಲವು ಎಣ್ಣೆಗಳಲ್ಲಿ ಇದಕ್ಕೆ ಒಂದೆರಡು ದಿನ ಬೇಕು, ಮೋನೋಕ್ರೋಟೋಫಾಸ್ ಜಾತಿಯಲ್ಲಿ ಕೆಲವೇ ಗಂಟೆ. ಆಮೇಲೆ ಯಾವ ಔಷಧಿಗೂ ಅದು ಬಿಡುವುದಿಲ್ಲ.

ಕ್ಲೋರ್‌ಪೈರಿಫಾಸ್‌ನದು ಇನ್ನೂ ವಿಚಿತ್ರ. ಡಬ್ಬಿಯಲ್ಲಿರುವ ರೂಪದಲ್ಲಿ ಅದಕ್ಕೆ ಅಷ್ಟು ಬಲವಿಲ್ಲ. ನಮ್ಮ ಯಕೃತ್ತಿನ ಕಿಣ್ವಗಳೇ ಅದರಿಂದ ಒಂದು ಗಂಧಕ ಕಿತ್ತು ಆ ಜಾಗದಲ್ಲಿ ಆಮ್ಲಜನಕ ಕೂರಿಸಿ ಅಸಲಿ ವಿಷ ಮಾಡಿಕೊಡುತ್ತವೆ. ‘ಹೊಡೆದಾಗ ಏನೂ ಆಗಲಿಲ್ಲ, ರಾತ್ರಿ ಆಯಿತು’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ.

ಸಿಂಧನೂರು ಹುಡುಗ:
ಸರ್, ಅಪ್ಪಾಜಿಗೆ ಅಟ್ರೋಪಿನ್ ಭಾಳ ಕೊಟ್ರು. ಬಾಯಿ ಒಣಗಿ ನೀರು ನೀರು ಅಂತಿದ್ರು. ಅದು ಕಿಣ್ವ ಬಿಡಿಸೋದು ಅಲ್ಲೇನು?

ಗಂಗಾವತಿ ಸಿಸ್ಟರ್:
ಅಲ್ಲ ತಮ್ಮಾ. ಅಟ್ರೋಪಿನ್ ಕಿಣ್ವದ ತಂಟೆಗೇ ಹೋಗೋದಿಲ್ಲ. ಅಸಿಟೈಲ್‌ಕೋಲಿನ್ ಬಂದು ಬಾಗಿಲು ಬಡಿತೈತಲ್ಲ, ಗ್ರಂಥಿ, ಹೃದಯ, ಶ್ವಾಸನಾಳದ ಕಡೀ ಆ ಬಾಗಿಲಿಗೆ ಅಡ್ಡ ನಿಲ್ಲತೈತಿ. ಹೊರಗ ಗದ್ದಲ ಇರ್ತೈತಿ, ಒಳಗ ಕೇಳಂಗಿಲ್ಲ. ಎದಿಯಾಗಿನ ನೀರು ಒಣಗೋತನ ಡೋಸ್ ಏರಿಸ್ತಾ ಹೋಗ್ತಾರ. ಕೈಕಾಲಿನ ಸ್ನಾಯುವಿನ ಬಾಗಿಲು ಬ್ಯಾರೆ ಜಾತಿ, ಅಲ್ಲಿ ಅಟ್ರೋಪಿನ್ ಆಟ ನಡಿಯಂಗಿಲ್ಲ. ಅದಕ್ಕ ಜೊಲ್ಲು ನಿಂತ ಮ್ಯಾಲೂ ಎರಡು ಮೂರು ದಿನ ಕುತ್ತಿಗಿ ಎತ್ತಾಕ ಬರ್ತೈತೋ ಇಲ್ಲೋ ಅಂತ ನಾವು ನೋಡ್ತಾನ ಇರ್ತೀವಿ.

ಕುಷ್ಟಗಿ ಹಿರಿಯ:
ಅಂದ್ರ ಅಂಟಿದ್ದು ಅಂಟಿತು, ಔಷಧಕ್ಕೂ ಬಿಡವಲ್ದು. ಮತ್ತ ಮೂರು ತಿಂಗಳಾದ ಮ್ಯಾಲೆ ತಾನ ಹೆಂಗ ಸರಿ ಹೋಗ್ತೈತ್ರಿ? ಇದೇನು ಹುಣ್ಣೇ, ಮಾಯಾಕ?

ಕೊಪ್ಪಳ ಉಪನ್ಯಾಸಕ:
ಹಿರಿಯರೇ, ಈ ಚರ್ಚೆಯಲ್ಲಿ ಇದುವರೆಗೆ ಬಂದ ಪ್ರಶ್ನೆಗಳಲ್ಲಿ ಇದೇ ಒಳ್ಳೆಯದು. ಕೆಟ್ಟ ಕಿಣ್ವ ಸರಿಹೋಗುವುದಿಲ್ಲ. ಅದನ್ನು ಬಿಟ್ಟು ಹೊಸದನ್ನು ಕಟ್ಟಬೇಕು. ನಮ್ಮ ಹುಡುಗ ಐದು ಅಂಕಕ್ಕೆ ಬರೆದ ಬಾಣದ ಚಿತ್ರ ಬರುವುದು ಇಲ್ಲೇ.

ನಿಮ್ಮ ಹೊಲದ ಪಹಣಿಯ ಮೂಲ ದಾಖಲೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದೆ ಎಂದುಕೊಳ್ಳಿ. ಅದನ್ನು ಹೊರಗೆ ಕೊಡುವುದಿಲ್ಲ, ನಕಲು ಕೊಡುತ್ತಾರೆ. ಜೀವಕೋಶದ ರೆಕಾರ್ಡ್ ರೂಮು ಅದರ ಕೇಂದ್ರ, ಮೂಲ ದಾಖಲೆ ಡಿಎನ್‌ಎ. ಮನುಷ್ಯನಲ್ಲಿ ಸುಮಾರು 300 ಕೋಟಿ ಅಕ್ಷರಗಳ ಕಟ್ಟು. ಅಕ್ಷರಗಳು ನಾಲ್ಕೇ ನಾಲ್ಕು. ಅದರಲ್ಲಿ ಪ್ರೋಟೀನಿಗೆ ಸಂಬಂಧಿಸಿದ ಪುಟಗಳು, ಅಂದರೆ ಜೀನ್‌ಗಳು, ಸುಮಾರು 20,000. ಅಸಿಟೈಲ್‌ಕೋಲಿನೆಸ್ಟರೇಸಿನ ಜೀನ್ 7ನೇ ಕ್ರೋಮೋಸೋಮಿನಲ್ಲಿ, ಅಂದರೆ ಆ ಕಟ್ಟಿನ 7ನೇ ಸಂಪುಟದಲ್ಲಿದೆ. ಬೇಕಾದಾಗ ಆ ಒಂದು ಪುಟದ ನಕಲು ತೆಗೆಯುತ್ತದೆ ಆರ್‌ಎನ್‌ಎ ಪಾಲಿಮರೇಸ್. ನಕಲು ತೆಗೆಯುವ ಗುಮಾಸ್ತನೂ ಒಂದು ಕಿಣ್ವವೇ ಎಂಬುದನ್ನು ಗಮನಿಸಿ. ಕಿಣ್ವ ಮಾಡಲು ಕಿಣ್ವ ಬೇಕು. ನಕಲೇ ಎಂಆರ್‌ಎನ್‌ಎ. ಅದರ ಆಯಸ್ಸು ಕಮ್ಮಿ, ಕೆಲವದ್ದು ನಿಮಿಷ, ಕೆಲವದ್ದು ಗಂಟೆ, ಅಪರೂಪಕ್ಕೆ ದಿನಗಳು.

ನಕಲು ಹೊರಗೆ ಬಂದು ರೈಬೋಸೋಮಿನ ಕೈ ಸೇರುತ್ತದೆ. ರೈಬೋಸೋಮ್ ಮೂರು ಮೂರು ಅಕ್ಷರ ಓದಿ ಒಂದೊಂದು ಅಮೈನೋ ಆಮ್ಲ ಪೋಣಿಸುತ್ತದೆ. ನಾಲ್ಕು ಅಕ್ಷರದಲ್ಲಿ ಮೂರಕ್ಷರದ ಪದ 64 ಆಗುತ್ತವೆ. 61 ಪದ ಅಮೈನೋ ಆಮ್ಲಕ್ಕೆ, ಉಳಿದ ಮೂರಕ್ಕೆ ‘ನಿಲ್ಲಿಸು’ ಎಂದಷ್ಟೇ ಅರ್ಥ. ಯಾವ ಪದಕ್ಕೆ ಯಾವ ಅಮೈನೋ ಆಮ್ಲ ಎಂಬ ಗಂಟು ಬಿಚ್ಚತೊಡಗಿದ್ದು 1961ರಲ್ಲಿ. ನೀರೆನ್‌ಬರ್ಗ್ ಮತ್ತು ಮಥಾಯಿ ಬರೀ ‘ಯು’ ಅಕ್ಷರದ ಆರ್‌ಎನ್‌ಎ ಕೊಟ್ಟು ನೋಡಿದರು, ಬರೀ ಫಿನೈಲ್ ಅಲನಿನ್ನಿನ ಸರಪಳಿ ಬಂತು. ನಮ್ಮ ಹರಗೋವಿಂದ ಖೊರಾನ ಗೊತ್ತಿರುವ ಕ್ರಮದ ಆರ್‌ಎನ್‌ಎಗಳನ್ನು ಪ್ರಯೋಗಾಲಯದಲ್ಲೇ ಹೆಣೆದು ಉಳಿದ ಪದಗಳನ್ನು ಬಿಡಿಸಲು ದಾರಿ ಮಾಡಿದರು. 1968ರ ನೊಬೆಲ್ ಅವರಿಗೂ ನೀರೆನ್‌ಬರ್ಗ್, ರಾಬರ್ಟ್ ಹಾಲಿ ಅವರಿಗೂ ಒಟ್ಟಿಗೆ ಬಂತು. ರೈಬೋಸೋಮಿನ ರಚನೆಗೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು.

ನಮ್ಮ ಕೋಶಗಳಲ್ಲಿ ರೈಬೋಸೋಮ್ ಸೆಕೆಂಡಿಗೆ ಸುಮಾರು ಐದು ಅಮೈನೋ ಆಮ್ಲ ಪೋಣಿಸುತ್ತದೆ. ಆ ಲೆಕ್ಕದಲ್ಲಿ ಈ ಕಿಣ್ವದ ಒಂದು ಸರಪಳಿಗೆ ಎರಡು ನಿಮಿಷ ಸಾಕು.

ಸಿಂಧನೂರು ಹುಡುಗ:
ಎರಡು ನಿಮಿಷನಾ! ಮತ್ತ ನಮಗ ಮೂರು ತಿಂಗಳು ಯಾಕ ಬೇಕು ಸರ್?

ಬಳ್ಳಾರಿ ಲ್ಯಾಬ್:
ಇದು ನಾನು ಹೇಳ್ತೀನಿ ಸರ್, ಇದು ನನ್ನ ಸ್ಲೈಡಿನ ಕಥೆ.

ಕೆಂಪು ರಕ್ತಕಣ ಮೂಳೆಮಜ್ಜೆಯಲ್ಲಿ ಹುಟ್ಟೋವಾಗ ಅದರಲ್ಲೂ ಕೇಂದ್ರ ಇರುತ್ತೆ, ಡಿಎನ್‌ಎ ಇರುತ್ತೆ. ರಕ್ತಕ್ಕೆ ಇಳಿಯೋ ಮೊದಲು ಅದು ಕೇಂದ್ರವನ್ನ ಹೊರಗೆ ಎಸೆದುಬಿಡುತ್ತೆ. ರೆಕಾರ್ಡ್ ರೂಮೇ ಇಲ್ಲ! ಒಂದೆರಡು ದಿನ ಹಳೇ ನಕಲಿನ ಚೂರು, ಒಂದಿಷ್ಟು ರೈಬೋಸೋಮು ಉಳಿದಿರ್ತವೆ. ಆ ಎಳೇ ಕಣಕ್ಕೆ ರೆಟಿಕ್ಯುಲೋಸೈಟ್ ಅಂತೀವಿ. ನ್ಯೂ ಮೆಥಿಲೀನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಒಳಗೆ ನೀಲಿ ಬಲೆ ಹರಡಿದಂಗೆ ಕಾಣುತ್ತೆ. ಆ ನೀಲಿ ಬಲೆ ಏನಂದ್ಕೊಂಡ್ರಿ? ಉಳಿದಿರೋ ಆರ್‌ಎನ್‌ಎ. ಟ್ರೈನಿಂಗಲ್ಲಿ ಮೊದಲ ಸಲ ಅದನ್ನ ನೋಡಿದಾಗ ಮೇಡಂ ‘ಎಣಿಸು’ ಅಂದ್ರು, ಎಣಿಸಿದೆ. ಅದು ಏನು ಅಂತ ಯಾರೂ ಹೇಳಿರಲಿಲ್ಲ. ಎಷ್ಟೋ ವರ್ಷದ ಮೇಲೆ ಗೊತ್ತಾದ ದಿನ ಅದೇ ಸ್ಲೈಡನ್ನ ಸುಮ್ಮನೆ ಒಂದು ತಾಸು ನೋಡ್ತಾ ಕೂತಿದ್ದೆ.

ಎರಡು ದಿನ ಕಳೆದ್ರೆ ಆ ಬಲೆಯೂ ಇಲ್ಲ. ಆಮೇಲೆ ಆ ಕಣ ಹುಟ್ಟಿದಾಗ ಕಟ್ಟಿಕೊಂಡ ಬುತ್ತಿಯಲ್ಲೇ ಸುಮಾರು 120 ದಿನ ಬದುಕಬೇಕು. ಅದರ ಮೈಮೇಲಿನ ಕೋಲಿನೆಸ್ಟರೇಸಿಗೆ ವಿಷ ಅಂಟಿ ಗಟ್ಟಿಯಾದ್ರೆ ಹೊಸದು ಮಾಡೋಕೆ ಅದಕ್ಕೆ ಪುಸ್ತಕವೂ ಇಲ್ಲ, ನಕಲೂ ಇಲ್ಲ, ಪೋಣಿಸೋರೂ ಇಲ್ಲ. ಕಣ ಹಳೇದಾಗಿ ಸಾಯಬೇಕು, ಮಜ್ಜೆಯಿಂದ ಹೊಸ ಕಣ ಹೊಸ ಕಿಣ್ವ ಹೊತ್ತು ಬರಬೇಕು. ಮಜ್ಜೆ ಏನೂ ಸೋಮಾರಿ ಅಲ್ಲ, ಸೆಕೆಂಡಿಗೆ ಸುಮಾರು 20 ಲಕ್ಷ ಕಣ ಮಾಡುತ್ತೆ. ಆದ್ರೂ ದಿನಕ್ಕೆ ಬದಲಾಗೋದು ನೂರಕ್ಕೆ ಒಂದರ ಆಸುಪಾಸು. ನಿನ್ನ ಎರಡನೇ ಸಾಲು ಬಿದ್ದಲ್ಲೇ ಬಿದ್ದಂಗೆ ಕಾಣೋದು ಇದಕ್ಕೇ. ಅದು ಏಳ್ತಾ ಐತೆ, ಬರೀ ನಿಧಾನ.

ಮೊದಲನೇ ಸಾಲು, ಸೀರಂದು, ಅದರ ಅಣ್ಣತಮ್ಮ ಕಿಣ್ವ. ಹೆಸರು ಬ್ಯುಟೈರಿಲ್‌ಕೋಲಿನೆಸ್ಟರೇಸ್. ಜೀನೇ ಬೇರೆ, ಮಾಡೋದು ಲಿವರ್. ಲಿವರಿನ ಕೋಶಕ್ಕೆ ರೆಕಾರ್ಡ್ ರೂಮು ಭದ್ರವಾಗೈತೆ, ನಕಲು ತೆಗೀತಾನೇ ಇರುತ್ತೆ. ಅದಕ್ಕೇ ಅದು ಕೆಲವೇ ವಾರದಲ್ಲಿ ಏರುತ್ತೆ.

ಜೀನ್ಸ್ ಮಾಸ್ತರ:
ಅಂದ್ರೆ ಕೆಂಪು ಕಣ ಊರೂರು ತಿರುಗೋ ಹೊಲಿಗೆಯವನು. ಮಷೀನು ಹೆಗಲ ಮ್ಯಾಲೆ ಐತೆ, ಕೆಟ್ರೆ ರಿಪೇರಿ ಅಂಗಡಿ ಇಲ್ಲ.

ಸಿಂಧನೂರು ಹುಡುಗ:
ಈಗ ಅರ್ಧ ತಿಳೀತು. ಆದ್ರ ಅಪ್ಪಾಜಿ ಕೇಳೋ ಪ್ರಶ್ನಿ ಉಳೀತಲ್ಲ. ಕಿಣ್ವ ಇಲ್ಲ ಅಂದ್ರ ಅವರು ಗಟ್ಟಿ ಹೆಂಗ ಅದಾರ?

ಬಳ್ಳಾರಿ ಲ್ಯಾಬ್:
ಜೊಲ್ಲು ಸುರಿಸಿದ್ದು ಕೆಂಪು ಕಣ ಅಲ್ಲ ತಮ್ಮಾ, ನರದ ತುದಿ. ನರಕ್ಕೂ ಸ್ನಾಯುವಿಗೂ ಕೇಂದ್ರ ಐತೆ, ಅವು ತಮ್ಮ ಕಿಣ್ವ ತಾವು ಮಾಡ್ಕೊತವೆ, ಕೆಂಪು ಕಣಕ್ಕಿಂತ ಬೇಗ. ನರದ ತುದಿಯಿಂದ ಸ್ಯಾಂಪಲ್ ತೆಗೆಯೋಕೆ ಆಗಲ್ಲವಲ್ಲ, ಅದಕ್ಕೆ ಡಾಕ್ಟ್ರು ಕೆಂಪು ಕಣವನ್ನ ಕನ್ನಡಿ ಥರ ನೋಡ್ತಾರೆ. ಎರಡೂ ಕಡೆ ಒಂದೇ ಜೀನಿನ ಕಿಣ್ವ, ಬಾಲ ಮಾತ್ರ ಬೇರೆ.

ಇನ್ನೊಂದು, ಇದನ್ನ ಅಪ್ಪಾಜಿಗೆ ಕಡ್ಡಾಯ ಹೇಳು. ಹತ್ತು ಕಾಜಾ ಮಷೀನಲ್ಲಿ ನಾಲ್ಕು ಕೆಟ್ರೂ ಮಾಲು ಹೋಗ್ತಾನೇ ಇರುತ್ತೆ. ಆರಾಮ ಅನ್ಸುತ್ತೆ. ಅದೇ ಹೊತ್ತಲ್ಲಿ ಇನ್ನು ಮೂರು ಕೆಟ್ರೆ? ಮೊದಲ ಸಲ ಮೂರು ಪಂಪಿಗೆ ಆದದ್ದು ಈ ಸಲ ಒಂದೇ ಪಂಪಿಗೆ ಆಗಬಹುದು.

ಜೀನ್ಸ್ ಮಾಸ್ತರ:
ಬಾಲ ಬೇರೆ ಅಂದ್ರೆ? ಒಂದೇ ಪ್ಯಾಟರ್ನಿಂದ ಎರಡು ಥರ ಪ್ಯಾಂಟಾ?

ಕೊಪ್ಪಳ ಉಪನ್ಯಾಸಕ:
ಹೌದು, ಮತ್ತೆ ನಿಮ್ಮ ಕಸುಬೇ. ಜೀನಿನಿಂದ ಬಂದ ಮೊದಲ ನಕಲು ಹಾಗೇ ಹೊರಗೆ ಬರುವುದಿಲ್ಲ. ನಡುವೆ ಬೇಡದ ಉದ್ದುದ್ದ ತುಂಡುಗಳಿರುತ್ತವೆ, ಕತ್ತರಿಸಿ ತೆಗೆದು ಬೇಕಾದವನ್ನು ಹೊಲಿಯುತ್ತಾರೆ. ಕೊನೆಯ ತುಂಡು ಯಾವುದನ್ನು ಉಳಿಸಿದರು ಎಂಬುದರ ಮೇಲೆ ಬಾಲ ಬದಲಾಗುತ್ತದೆ. ನರದಲ್ಲಿ ಒಂದು ಬಾಲ, ಕೆಂಪು ಕಣದಲ್ಲಿ ಪೊರೆಗೆ ಸಿಕ್ಕಿಸುವ ಇನ್ನೊಂದು ಬಾಲ. ಸೂಜಿ ಇರುವ ಭಾಗ ಎರಡರಲ್ಲೂ ಒಂದೇ.

ಮಾನ್ವಿ ಹತ್ತಿ:
ಸರ್, ಪಹಣಿ ಅಂದ್ರಿ, ಅದಕ್ಕ ಕೇಳ್ತೀನಿ. ನಮ್ಮ ಪಹಣ್ಯಾಗ ಹಿಸ್ಸಾ ನಂಬರ್ ಒಂದು ಅಂಕಿ ತಪ್ಪಿ ನಾಕು ವರ್ಷ ಅಲೆದೀನಿ. ಇಲ್ಲಿ ಒಂದು ಅಕ್ಷರ ತಪ್ಪಿದ್ರ?

ಗಂಗಾವತಿ ಸಿಸ್ಟರ್:
ಇದಕ್ಕ ನಾ ಉತ್ತರ ಕೊಡ್ತೀನಿ ಅಣ್ಣಾ, ಆಪರೇಷನ್ ಥಿಯೇಟರ್‌ನಾಗ ಕೆಲಸ ಮಾಡೀನಿ.

ಅರಿವಳಿಕಿ ಕೊಡೋ ಮುಂದ ಸಕ್ಸಿನಿಲ್‌ಕೋಲಿನ್ ಅಂತ ಒಂದು ಇಂಜೆಕ್ಷನ್ ಕೊಡ್ತಾರ, ಗಂಟಲಿಗೆ ನಳಿಗಿ ಇಳಿಸಾಕ. ಐದ್ಹತ್ತು ನಿಮಿಷ ಸ್ನಾಯು ಸಡಿಲ ಆಗಿ ಮತ್ತ ಸರಿ ಹೋಗ್ತೈತಿ. ಆ ಔಷಧ ಕತ್ತರಿಸೋದು ಅಕ್ಕ ಹೇಳಿದ್ರಲ್ಲ, ಲಿವರ್ ಮಾಡೋ ಅದೇ ಸೀರಂ ಕೋಲಿನೆಸ್ಟರೇಸ್. ಕೆಲವರಿಗೆ ಹುಟ್ಟಿನಿಂದ ಆ ಕಿಣ್ವ ಇಲ್ಲದಂಗ ಇರ್ತೈತಿ. ಅಂಥವರು ಹತ್ತು ನಿಮಿಷದಾಗ ಉಸಿರಾಡಂಗಿಲ್ಲ, ತಾಸುಗಟ್ಟಲೆ ವೆಂಟಿಲೇಟರ್ ಮ್ಯಾಲೆ ಇಡಬೇಕಾಗ್ತೈತಿ. ಹೊತ್ತು ಹೋದ್ರ ಏಳ್ತಾರ, ಆದ್ರ ಗೊತ್ತಿರಲಿಲ್ಲ ಅಂದ್ರ ಎಲ್ಲರ ಕೈಕಾಲು ತಣ್ಣಗಾಗ್ತಾವು.

ನಮ್ಮ ದೇಶದಾಗ ವೈಶ್ಯ ಸಮುದಾಯದಾಗ ಇದು ಉಳಿದವರಿಗಿಂತ ಹೆಚ್ಚು ಕಂಡುಬಂದೈತಿ. ಅದರ ಕಾರಣ 2006ರಾಗ ಪ್ರಕಟ ಆತು: 307ನೇ ಜಾಗದಾಗ ಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಇರೋದರ ಬದಲಿ ಪ್ರೋಲಿನ್ ಅನ್ನೋದು. ಇದು ರೋಗ ಅಲ್ಲ, ಯಾರೂ ಗಾಬರಿ ಆಗೋದು ಬ್ಯಾಡ. ಮನ್ಯಾಗ ಯಾರಿಗರ ಆಪರೇಷನ್ ಆದಾಗ ಏಳೋದು ಭಾಳ ತಡ ಆಗಿದ್ರ ಅರಿವಳಿಕಿ ಡಾಕ್ಟ್ರಿಗೆ ಮೊದಲ ಹೇಳ್ರಿ, ಬ್ಯಾರೆ ಔಷಧ ಕೊಡ್ತಾರ.

ಕೊಪ್ಪಳ ಉಪನ್ಯಾಸಕ:
ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಡಿಎನ್‌ಎಯಲ್ಲಿ ಲ್ಯೂಸಿನ್ನಿನ ಪದದ ನಡುವಿನ ‘ಟಿ’ ಅಕ್ಷರ ‘ಸಿ’ ಆದರೆ ಸಾಕು, ಅದು ಪ್ರೋಲಿನ್ ಆಗುತ್ತದೆ. ಪ್ರೋಲಿನ್ ಸೆಟೆದ ಸ್ವಭಾವದ್ದು, ಸರಪಳಿಯನ್ನು ತನಗೆ ಬೇಕಾದ ಕಡೆ ಬಾಗಿಸುತ್ತದೆ. ಮಡಿಕೆ ತಪ್ಪಿದರೆ ಬಾವಿಯೂ ಇಲ್ಲ, ಸೂಜಿಯೂ ಇಲ್ಲ. ಮಾನ್ವಿಯವರ ಹಿಸ್ಸಾ ನಂಬರೇ ಸರಿ.

ಎಲ್ಲ ತಪ್ಪೂ ಹೀಗೇ ಅಲ್ಲ. ಲ್ಯೂಸಿನ್ನಿಗೆ ಆರು ಪದಗಳಿವೆ, ಮೂರನೇ ಅಕ್ಷರ ಬದಲಾದರೆ ಬಹಳ ಸಲ ಅರ್ಥ ಅದೇ ಉಳಿಯುತ್ತದೆ. ಕಚೇರಿಯಲ್ಲಿ ‘ಬಸಪ್ಪ’ನನ್ನು ‘ಬಸ್ಸಪ್ಪ’ ಎಂದು ಬರೆದರೂ ಹೊಲ ಅವನದೇ ಇರುವಂತೆ. (ಇರುತ್ತದೆ ಎಂದು ನಂಬಿದ್ದೇನೆ.)

ಮಾನ್ವಿ ಹತ್ತಿ:
ಇರಂಗಿಲ್ಲ ಸರ್. ಅಫಿಡವಿಟ್ ಬೇಕು.

ಕುಷ್ಟಗಿ ಹಿರಿಯ:
ನನ್ನ ಅಳಿಯ ಮೆಡಿಕಲ್ ಇಟ್ಟಾನ. ಎಂಜೈಮ್ ಗುಳಿಗಿ, ಎಂಜೈಮ್ ಟಾನಿಕ್ ಎಲ್ಲಾ ಬರ್ತಾವಂತ. ಕಿಣ್ವ ಕಡಿಮಿ ಆದ್ರ ಕಿಣ್ವ ನುಂಗಿದ್ರ ಆತಲ್ಲ, ಇಷ್ಟು ಪುರಾಣ ಯಾಕ?

ಬಳ್ಳಾರಿ ಲ್ಯಾಬ್:
ಅದು ಅನ್ನ ಜೀರ್ಣ ಆಗೋಕೆ ಕೊಡೋ ಕಿಣ್ವ ಹಿರಿಯರೇ. ಅದರ ಕೆಲಸ ಹೊಟ್ಟೆ, ಕರುಳಿನ ಒಳಗೇ ಮುಗೀತು. ಕೋಲಿನೆಸ್ಟರೇಸ್ ನುಂಗಿದ್ರೂ ಹೊಟ್ಟೆ ಅದನ್ನ ಬೇಳೆ, ಮೊಟ್ಟೆ ಥರಾನೇ ನೋಡುತ್ತೆ. ಪೆಪ್ಸಿನ್ ಅನ್ನೋ ಇನ್ನೊಂದು ಕಿಣ್ವ ಕುಯ್ದು ಚೂರು ಮಾಡುತ್ತೆ, ಕರುಳಲ್ಲಿ ಇನ್ನಷ್ಟು ಚೂರು. ರಕ್ತಕ್ಕೆ ಹೋಗೋದು ಬಿಡಿ ಬಿಡಿ ಅಮೈನೋ ಆಮ್ಲ. ಒಡೆದ ಮನೆಯ ಇಟ್ಟಿಗೆ ಬಂತು, ಮನೆ ಬರಲಿಲ್ಲ.

ಇಟ್ಟಿಗೆನೂ ಬೇಕಲ್ಲ, ಅದಕ್ಕೆ ಬೇಳೆ, ಹಾಲು, ಮೊಟ್ಟೆ ಚೆನ್ನಾಗಿ ಕೊಡಿ. ನಿಮ್ಮ ಮಜ್ಜಿಗೆನೂ ಅದರಲ್ಲಿ ಬಂತು, ಸಮಾಧಾನ ಮಾಡ್ಕೊಳ್ಳಿ.

ಹಟ್ಟಿ ಕ್ಯಾಂಪ್:
ನಡುವೆ ಬಾಯಿ ಹಾಕ್ತೀನಿ. ನಮ್ಮ ಕಡೆ ಅದಿರಿನಿಂದ ಚಿನ್ನ ಬಿಡಿಸೋಕೆ ಸೈನೈಡ್ ಬಳಸ್ತಾರ. ಅದೂ ಇಂಥದೇ ವಿಷ ಏನ್ರಿ?

ಕೊಪ್ಪಳ ಉಪನ್ಯಾಸಕ:
ಕಿಣ್ವವನ್ನೇ ಹಿಡಿಯುತ್ತದೆ, ಆದರೆ ಬೇರೆ ಕಿಣ್ವ. ಕೋಶ ಆಮ್ಲಜನಕ ಬಳಸುವ ಕೊನೆಯ ಮೆಟ್ಟಿಲಿನಲ್ಲಿ ಸೈಟೋಕ್ರೋಮ್ ಆಕ್ಸಿಡೇಸ್ ಇದೆ, ಅದರ ಕಬ್ಬಿಣಕ್ಕೆ ಸೈನೈಡ್ ಅಂಟುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಕೋಶಕ್ಕೆ ಬಳಸಲು ಬರುವುದಿಲ್ಲ.

ಮಾನ್ವಿ ಹತ್ತಿ:
ನನ್ನ ಸಂಕಟ ಬ್ಯಾರೆ ಐತಿ. ಬಿಟಿ ಬೀಜ ಅಂತ ರೊಕ್ಕ ಕೊಟ್ಟು ತರ್ತೀವಿ. ಬೀಜದಾಗ ವಿಷದ ಜೀನ್ ಐತಿ, ಹುಳ ತಿಂದ್ರ ಸಾಯತೈತಿ ಅಂದ್ರು. ಮತ್ತ ಎಣ್ಣಿ ಯಾಕ ಹೊಡಿಬೇಕು? ಹುಳ ಸಾಯೋ ವಿಷ ನಮ್ಮ ಎಮ್ಮಿ ಹತ್ತಿಕಾಳಿನ ಹಿಂಡಿ ತಿಂದ್ರ ಯಾಕ ಸಾಯಂಗಿಲ್ಲ? ಗಂಜ್‌ನಾಗ ಕೇಳಿದ್ರ ಯಾರೂ ನೆಟ್ಟಗ ಹೇಳಂಗಿಲ್ಲ.

ಕೊಪ್ಪಳ ಉಪನ್ಯಾಸಕ:
ಮಣ್ಣಿನಲ್ಲಿರುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಜೀನನ್ನು ಹತ್ತಿಯ ದಾಖಲೆ ಕಟ್ಟಿಗೆ ಸೇರಿಸಿದ್ದಾರೆ. ಬ್ಯಾಕ್ಟೀರಿಯಾಕ್ಕೂ ಹತ್ತಿಗೂ ಮೂರಕ್ಷರದ ಭಾಷೆ ಒಂದೇ ಆದ್ದರಿಂದ ಹತ್ತಿಯ ರೈಬೋಸೋಮ್ ಅದನ್ನು ಸಲೀಸಾಗಿ ಓದುತ್ತದೆ. ಇದಕ್ಕಿಂತ ದೊಡ್ಡ ಆಶ್ಚರ್ಯ ಜೀವಶಾಸ್ತ್ರದಲ್ಲಿ ನನಗೆ ಇನ್ನೊಂದು ಕಂಡಿಲ್ಲ. ಕಾಯಿಕೊರಕದ ಹೊಟ್ಟೆ ಕ್ಷಾರದ್ದು. ಅಲ್ಲಿ ಹುಳದ್ದೇ ಕಿಣ್ವಗಳು ಆ ಪ್ರೋಟೀನನ್ನು ಕತ್ತರಿಸಿ ಚುರುಕುಗೊಳಿಸುತ್ತವೆ, ಅದು ಕರುಳಿನ ಕೋಶಕ್ಕೆ ಕಚ್ಚಿಕೊಂಡು ತೂತು ಮಾಡುತ್ತದೆ. ನಿಮ್ಮ ಎಮ್ಮೆಯ ಕರುಳಿನಲ್ಲಿ ಅದು ಕಚ್ಚಿಕೊಳ್ಳುವ ಜಾಗವೇ ಇಲ್ಲ.

ಎಣ್ಣೆ ಯಾಕೆ ಎಂದರೆ, ಈ ಪ್ರೋಟೀನು ಕಾಯಿಕೊರಕಗಳ ಜಾತಿಗೆ ಮಾತ್ರ. ರಸ ಹೀರುವ ಜಿಗಿಹುಳು, ಹೇನು, ನುಸಿಗೆ ಏನೂ ಆಗುವುದಿಲ್ಲ. ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಎರಡು ಜೀನಿನ ಬೀಜ 2006ರಲ್ಲಿ ಬಂತು. ಅಷ್ಟರ ಮೇಲೆ ಗುಲಾಬಿ ಕಾಯಿಕೊರಕ ಎರಡಕ್ಕೂ ಪಳಗಿತು. ಹುಳಕ್ಕೂ ಜೀನ್ ಇದೆ, ಅದರಲ್ಲೂ ಅಕ್ಷರ ಬದಲಾಗುತ್ತದೆ. ಬದಲಾದದ್ದು ಬದುಕಿ ಮೊಟ್ಟೆ ಇಡುತ್ತದೆ.

ಸಿಂಧನೂರು ಹುಡುಗ:
ಸರ್, ಕೊನೀದು. ಅವ್ವ ಒಂದು ಮಾತು ಕೇಳಿದ್ಲು, ನಾ ಉತ್ತರ ಕೊಡಲಿಲ್ಲ. ಅಕ್ಕನ ಮದುವಿ ನಿಶ್ಚಯ ಆಗೈತಿ. ಬೀಗರ ಕಡಿಯವರು ‘ಅಪ್ಪಗ ವಿಷ ಏರೈತಂತ, ಕಿಣ್ವ ಹೋಗೈತಂತ, ಅದು ಮಕ್ಕಳಿಗೆ ಬರ್ತೈತೇನು’ ಅಂದ್ರಂತ.

ಗಂಗಾವತಿ ಸಿಸ್ಟರ್:
ಅಯ್ಯೋ ದೇವರೇ.

ಕೊಪ್ಪಳ ಉಪನ್ಯಾಸಕ:
ತಾಯಿಗೆ ಧೈರ್ಯವಾಗಿ ಹೇಳಪ್ಪ: ಆ ಕಿಣ್ವದ ಕೊರತೆ ಮಕ್ಕಳಿಗೆ ಬರುವುದಿಲ್ಲ. ನಿಮ್ಮಕ್ಕ ಹುಟ್ಟಿ ಇಷ್ಟು ವರ್ಷವಾದ ಮೇಲೆ ಹೋದ ತಿಂಗಳು ಅಪ್ಪನ ಮೈಗೆ ತಾಗಿದ್ದು ಅವಳಿಗೆ ಹೇಗೆ ಬರುತ್ತದೆ ಎಂದು ಮೊದಲು ಕೇಳಬಹುದು. ಅದನ್ನು ಬಿಡು, ವಿಜ್ಞಾನದ ಉತ್ತರವೂ ಗಟ್ಟಿಯಾಗಿದೆ. ವಿಷ ಅಂಟಿದ್ದು ಪ್ರೋಟೀನಿಗೆ, ಜೀನಿನಲ್ಲಿ ಆ ಪುಟ ಇದ್ದ ಹಾಗೇ ಇದೆ. ಪ್ರೋಟೀನಿನಲ್ಲಿ ಆದದ್ದು ಹಿಂದಕ್ಕೆ ಹೋಗಿ ಡಿಎನ್‌ಎಯಲ್ಲಿ ಬರೆಯಲ್ಪಡುವ ದಾರಿ ಇಲ್ಲ. ಫ್ರಾನ್ಸಿಸ್ ಕ್ರಿಕ್ 1958ರಲ್ಲಿ ಅಚ್ಚಾದ ಬರಹದಲ್ಲಿ ಹೇಳಿದ್ದು ಇದನ್ನೇ: ಮಾಹಿತಿ ಪ್ರೋಟೀನಿಗೆ ಇಳಿದ ಮೇಲೆ ಮತ್ತೆ ಮೇಲೆ ಹತ್ತುವುದಿಲ್ಲ. ನಿನ್ನ ಪಹಣಿಯ ನಕಲು ಮಳೆಯಲ್ಲಿ ತೊಯ್ದರೆ ರೆಕಾರ್ಡ್ ರೂಮಿನ ಪುಸ್ತಕ ಒದ್ದೆಯಾಗುತ್ತದೆಯೇ?

ಪರೀಕ್ಷೆಗೆ ಒಂದು ಎಚ್ಚರಿಕೆ. ಆರ್‌ಎನ್‌ಎಯಿಂದ ಡಿಎನ್‌ಎಗೆ ಹಿಂದಕ್ಕೆ ಹೋಗುವುದುಂಟು. 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಬೇರೆ ಬೇರೆಯಾಗಿ ಆ ಕಿಣ್ವ ಕಂಡುಹಿಡಿದರು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ ಆರ್‌ಟಿಪಿಸಿಆರ್‌ನಲ್ಲಿ ‘ಆರ್‌ಟಿ’ ಎಂದರೆ ಅದೇ ಕಿಣ್ವದ ಕೆಲಸ. ಆ ಬಾಣ ಹಿಂದಕ್ಕೂ ಹಾಕಬಹುದು. ಪ್ರೋಟೀನಿನಿಂದ ಹಿಂದಕ್ಕೆ ಹಾಕಿದರೆ ಒಂದು ಅಂಕ ಹೋಯಿತು.

ಕುಷ್ಟಗಿ ಹಿರಿಯ:
ಬೀಗರಿಗೆ ಇದು ತಲಿಗೆ ಹೋಗಂಗಿಲ್ಲ ಸರ್. ತಮ್ಮಾ, ಬೀಗರ ಊರು ಯಾವುದು? ನಮ್ಮ ಕಡೀ ಆದ್ರ ನಾನ ಹೋಗಿ ಕುಂತು ಮಾತಾಡ್ತೀನಿ. ಪಹಣಿ ಲೆಕ್ಕ ನನಗ ಚೊಲೋ ತಿಳಿದೈತಿ.

ಸಿಂಧನೂರು ಹುಡುಗ (ಐದು ವಾರ ಆದ ಮ್ಯಾಲೆ):
ಎಲ್ಲರಿಗೂ ಮತ್ತ ನಮಸ್ಕಾರ. ಹೊಸ ರಿಪೋರ್ಟ್ ಬಂತು. ಸೀರಂ ಸಾಲು ನಾರ್ಮಲ್ ಒಳಗ ಬಂದೈತಿ. ಆರ್‌ಬಿಸಿ ಸಾಲು ಹಿಂದಿನ ರಿಪೋರ್ಟ್‌ಕಿಂತ ಏರೈತಿ, ಇನ್ನೂ ಕೆಳಗ ಐತಿ. ಅಪ್ಪಾಜಿಗೆ ಕಾಜಾ ಮಷೀನು ಹೇಳ್ದೆ, ಪಹಣಿ ಹೇಳ್ದೆ. ಪಹಣಿ ಹೇಳಿದಾಗ ತಲಿ ಆಡಿಸಿದ್ರು. ‘ಹಂಗಾದ್ರ ಆ ಕಣಕ್ಕ ಹೊಲನೂ ಇಲ್ಲ ಕಾಗದನೂ ಇಲ್ಲ, ಕೂಲಿ ಮಾಡಿ ಸಾಯತೈತಿ ಅನ್ನು’ ಅಂದ್ರು. ಪಂಪು ಕಾಕಾನ ಮನ್ಯಾಗ ಇಟ್ಟು ಬಂದೀವಿ. ಆದ್ರ ಕಾಕಾನೂ ಬರಿಗೈಲೇ ಹೊಡಿತಾನ, ಅವಗ ಈಗ ಯಾರು ಹೇಳಬೇಕೋ.

ಅಕ್ಕಾ, ಮುಂದಿನ ಟೆಸ್ಟ್ ಯಾವಾಗ ಮಾಡಿಸ್ಲಿ?

ಬಳ್ಳಾರಿ ಲ್ಯಾಬ್:
ಡಾಕ್ಟ್ರು ಹೇಳಿದ ದಿನಕ್ಕೇ ಮಾಡಿಸು, ಹಿಂದಿನ ಸಲ ಕೊಟ್ಟ ಲ್ಯಾಬಿಗೇ ಕೊಡು. ಬೇರೆ ಬೇರೆ ಲ್ಯಾಬಿನ ಅಂಕಿ ಪಕ್ಕಪಕ್ಕ ಇಟ್ಟು ನೋಡೋಕೆ ಬರಲ್ಲ. ಮತ್ತೆ ಕಾಕಾನ್ನೂ ಕರ್ಕೊಂಡು ಹೋಗು. ಸೀಸನ್ನಿಗೆ ಮೊದಲು, ಮೈ ನೆಟ್ಟಗಿರುವಾಗಲೇ ಒಂದು ಸಲ ರಕ್ತ ಕೊಟ್ಟಿರಲಿ. ಆಮೇಲೆ ಏನಾದ್ರೂ ಆದ್ರೆ ಯಾವುದಕ್ಕೆ ಹೋಲಿಸಿ ನೋಡಬೇಕು ಅಂತ ಗೊತ್ತಾಗುತ್ತೆ.

ಸಿಂಧನೂರು ಹುಡುಗ:
ಆಗ್ಲಿ ಅಕ್ಕಾ. ಸೋಮವಾರ ಇಬ್ಬರನ್ನೂ ಅದೇ ಲ್ಯಾಬಿಗೆ ಕರ್ಕೊಂಡು ಹೋಗ್ತೀನಿ.